‘ಶ್ರುತಿ ಸರಿಯಿಲ್ಲ’ ಎಂದರೆ ಸಾಲದು: ಹಾಡುವ ಮಕ್ಕಳನ್ನು ತಿದ್ದುವ ಬಗೆ

ಕೋಲಾರ: ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಹಾಡುವ ವಿದ್ಯಾರ್ಥಿಗೆ ದೊರೆಯುವುದು ಕೆಲವೇ ನಿಮಿಷ. ತೀರ್ಪುಗಾರರ ಮಾತಿಗೆ ಅಷ್ಟು ಸಮಯವೂ ಇರುವುದಿಲ್ಲ. ‘ಚೆನ್ನಾಗಿದೆ, ಇನ್ನೂ ಅಭ್ಯಾಸ ಮಾಡು’ ಎಂಬ ಒಂದು ವಾಕ್ಯದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಏನು ಚೆನ್ನಾಗಿತ್ತು, ಯಾವುದನ್ನು ಅಭ್ಯಾಸ ಮಾಡಬೇಕು ಎಂಬುದು ಮಗುವಿಗೂ ತಿಳಿಯುವುದಿಲ್ಲ, ಅದನ್ನು ಕರೆತಂದ ಶಿಕ್ಷಕರಿಗೂ ತಿಳಿಯುವುದಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಲೆಗಳಲ್ಲಿ ಭಾವಗೀತೆ, ಭಕ್ತಿಗೀತೆ, ದೇಶಭಕ್ತಿಗೀತೆ, ಜನಪದ ಗೀತೆಗಳ ಸ್ಪರ್ಧೆ ಪ್ರತಿವರ್ಷದ ಸಂಗತಿ. ಕ್ಲಸ್ಟರ್ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ಗೆದ್ದವರ ಹಾದಿ ಸ್ಪಷ್ಟ. ಕ್ಲಸ್ಟರ್ ಮಟ್ಟದಲ್ಲಿಯೇ ಸೋತು ಹಿಂದಿರುಗುವ ಮಕ್ಕಳ ಸಂಖ್ಯೆ ಅವರಿಗಿಂತ ಬಹಳ ದೊಡ್ಡದು. ಸಂಗೀತಕ್ಕೆಂದೇ ಶಿಕ್ಷಕರಿಲ್ಲದ ಶಾಲೆಯ ಮಗುವಿಗೆ, ಹಾಡು ಬಲ್ಲವರೊಬ್ಬರು ತನ್ನ ಕಂಠದ ಕುರಿತು ಆಡಿದ ಮೊದಲ ಮತ್ತು ಕೊನೆಯ ಮಾತು ಅದೇ ಆಗಿರುವ ಸಾಧ್ಯತೆ ಹೆಚ್ಚು.

ಆ ಮಾತು ಒಳ್ಳೆಯದನ್ನೇ ಮಾಡುತ್ತದೆ ಎನ್ನಲಾಗದು. ಕಲಿಯುವವರಿಗೆ ನೀಡುವ ಪ್ರತಿಕ್ರಿಯೆಯ ಪರಿಣಾಮವನ್ನು ಕುರಿತ ಹಲವು ದಶಕಗಳ ಅಧ್ಯಯನಗಳನ್ನು ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ಸರಾಸರಿಯಲ್ಲಿ ಪ್ರತಿಕ್ರಿಯೆಯಿಂದ ಪ್ರಯೋಜನವಿದೆ ಎಂಬುದು ಕಂಡುಬಂತು. ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಂದರ್ಭಗಳಲ್ಲಿ ಪ್ರತಿಕ್ರಿಯೆಯ ಅನಂತರ ಕೆಲಸದ ಗುಣಮಟ್ಟ ಕುಸಿದಿತ್ತು. ಗಮನವನ್ನು ಕೆಲಸದಿಂದ ವ್ಯಕ್ತಿಯತ್ತ ತಿರುಗಿಸುವ ಮಾತುಗಳು ಕಡಿಮೆ ಫಲ ನೀಡುತ್ತವೆ ಎಂಬುದು ಅವರ ವಿವರಣೆ. ‘ನಿನ್ನ ಕಂಠ ಒರಟು’ ಎಂಬುದು ವ್ಯಕ್ತಿಯ ಕುರಿತ ಮಾತು. ‘ಎರಡನೆಯ ಚರಣದ ಮೇಲಿನ ಸ್ವರದಲ್ಲಿ ಕತ್ತು ಬಿಗಿಯಾಯಿತು’ ಎಂಬುದು ಕೆಲಸದ ಕುರಿತ ಮಾತು. ಮೊದಲನೆಯದನ್ನು ಕೇಳಿದ ಮಗು ಮಾಡಬಹುದಾದದ್ದು ಏನೂ ಇಲ್ಲ.

ಶ್ರುತಿ ಎಲ್ಲಿ ತಪ್ಪುತ್ತದೆ?

ಅತಿ ಹೆಚ್ಚು ಕೇಳಿಬರುವ ಟೀಕೆ ‘ಶ್ರುತಿ ಸರಿಯಿಲ್ಲ’ ಎಂಬುದು. ಇದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಕಾರಣಗಳು ಬೇರೆ ಬೇರೆ. ಸ್ವರಗಳ ಏರಿಳಿತವನ್ನು ಗುರುತಿಸಲಾರದ ಹುಟ್ಟು ನ್ಯೂನತೆ ಜನಸಂಖ್ಯೆಯ ಸುಮಾರು ಶೇ 1.5ರಿಂದ 4ರಷ್ಟು ಮಂದಿಯಲ್ಲಿ ಮಾತ್ರ ಇದೆಯೆಂದು ಅಂದಾಜು. ಉಳಿದವರಲ್ಲಿ ಕಿವಿ ಸರಿಯಾಗಿಯೇ ಇರುತ್ತದೆ. ಕೇಳಿದ ಸ್ವರವನ್ನು ಕಂಠದಿಂದ ಹೊರಡಿಸುವ ಹೊಂದಾಣಿಕೆ ಇನ್ನೂ ಕೂಡಿಬಂದಿರುವುದಿಲ್ಲ. ಅದು ಅಭ್ಯಾಸದಿಂದ ಬರುವಂಥದ್ದು.

ಇನ್ನೊಂದು ಕಾರಣ ತೀರಾ ಸರಳವಾದದ್ದು. ಮಗು ತನ್ನದಲ್ಲದ ಶ್ರುತಿಯಲ್ಲಿ ಹಾಡುತ್ತಿರುತ್ತದೆ. ವಯಸ್ಕ ಗಂಡಸರು ಸಾಮಾನ್ಯವಾಗಿ 1ರಿಂದ 2 ಮನೆ ಶ್ರುತಿಯಲ್ಲಿಯೂ ಹೆಂಗಸರು 5ರಿಂದ 6 ಮನೆ ಶ್ರುತಿಯಲ್ಲಿಯೂ ಹಾಡುತ್ತಾರೆ. ಧ್ವನಿಸುರುಳಿಯನ್ನೋ ಮೊಬೈಲ್ ಫೋನನ್ನೋ ಕೇಳಿ ಕಲಿತ ಹುಡುಗಿ, ಗಾಯಕರು ಹಾಡಿದ ಶ್ರುತಿಯಲ್ಲಿಯೇ ಆರಂಭಿಸಿದರೆ ಪಲ್ಲವಿಯಲ್ಲಿ ಧ್ವನಿ ತಳಕ್ಕಿಳಿದು ಕೇಳಿಸುವುದಿಲ್ಲ. ಏರಿಸಿ ಆರಂಭಿಸಿದರೆ ಚರಣದಲ್ಲಿ ಕಿರುಚಬೇಕಾಗುತ್ತದೆ. ಇಲ್ಲಿ ತಪ್ಪಿದ್ದು ಕಂಠವಲ್ಲ, ಆಯ್ಕೆ. ‘ಅರ್ಧ ಮನೆ ಇಳಿಸಿ ಹಾಡಿ ನೋಡು’ ಎಂಬ ಒಂದು ಸಲಹೆ ಹತ್ತು ಟೀಕೆಗಳಿಗಿಂತ ಉಪಯುಕ್ತ. ಹಾಡಿನ ಅತಿ ಮೇಲಿನ ಸ್ವರವನ್ನು ಮೊದಲು ಹಾಡಿಸಿ, ಅದು ನಿರಾಯಾಸವಾಗಿ ಬರುವಂತೆ ಆಧಾರ ಷಡ್ಜವನ್ನು ಗೊತ್ತುಪಡಿಸುವುದು ಅನುಭವಿ ಶಿಕ್ಷಕರ ಕ್ರಮ.

ಮೂರನೆಯದು ಉಸಿರು. ಸಾಲಿನ ಕೊನೆಯಲ್ಲಿ ಸ್ವರ ಕುಸಿಯುತ್ತಿದ್ದರೆ ಅದು ಸಾಮಾನ್ಯವಾಗಿ ಉಸಿರು ಮುಗಿದ ಸೂಚನೆ. ಭುಜ ಎತ್ತಿ ಎದೆಯ ಮೇಲ್ಭಾಗದಿಂದ ಉಸಿರೆಳೆಯುವ ಮಕ್ಕಳಲ್ಲಿ ಇದು ಹೆಚ್ಚು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ಸಾಹಿತ್ಯದ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗುರುತು ಮಾಡಿಕೊಟ್ಟರೆ ಪದದ ನಡುವೆ ತುಂಡಾಗುವ ಸಮಸ್ಯೆಯೂ ನೀಗುತ್ತದೆ.

ಧ್ವನಿ ಒಡೆಯುವ ವಯಸ್ಸು

ಪ್ರೌಢಶಾಲೆಯ ಹುಡುಗರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಸರಿಸುಮಾರು 12ರಿಂದ 15ರ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ, ಧ್ವನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹಿಂದಿನ ವರ್ಷ ಬಹುಮಾನ ಪಡೆದ ಹುಡುಗ ಈ ವರ್ಷ ಅದೇ ಹಾಡಿನಲ್ಲಿ ಧ್ವನಿ ಒಡೆದು ನಿಂತುಬಿಡುವುದು ಇದರಿಂದಲೇ. ಹುಡುಗಿಯರಲ್ಲಿಯೂ ಬದಲಾವಣೆ ಇದೆ, ಪ್ರಮಾಣ ಕಡಿಮೆ. ಕೆಲಕಾಲ ಧ್ವನಿಯಲ್ಲಿ ಗಾಳಿ ಬೆರೆತಂತೆ ಕೇಳಿಸಬಹುದು.

ಈ ಅವಧಿಯಲ್ಲಿ ‘ನಿನ್ನ ಧ್ವನಿ ಹೋಯಿತು’ ಎಂದು ಹೇಳುವುದು ಸುಳ್ಳು ಮಾತ್ರವಲ್ಲ, ಹಾನಿಕರ ಕೂಡ. ಅದನ್ನು ನಂಬಿ ಹಾಡುವುದನ್ನೇ ಬಿಟ್ಟವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಹಾಡು ನಿಲ್ಲಿಸಬೇಕಾಗಿಲ್ಲ. ಶ್ರುತಿ ಇಳಿಸಿ, ಮೇಲಿನ ಸ್ವರಗಳಿಗೆ ಒತ್ತಾಯಿಸದೆ, ಸುಲಭವಾಗಿ ಬರುವ ವ್ಯಾಪ್ತಿಯಲ್ಲಿ ಹಾಡಿಸಿದರೆ ಸಾಕು. ಗೊಗ್ಗರು ಧ್ವನಿ ಮೂರು ವಾರ ಮೀರಿಯೂ ಉಳಿದರೆ ಮಾತ್ರ ಅದು ಸಂಗೀತದ ಪ್ರಶ್ನೆಯಲ್ಲ. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು.

ಗಡಿನಾಡಿನ ನಾಲಿಗೆ

ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಯಲ್ಲಿವೆ. ಅನೇಕರ ಮನೆಮಾತು ತೆಲುಗು. ಮಾಲೂರಿನ ಪಕ್ಕದಲ್ಲಿ ತಮಿಳುನಾಡು. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆಯಾಡುವ ಮಕ್ಕಳ ಉಚ್ಚಾರಣೆಯನ್ನು ತಿದ್ದುವಾಗ ನಗೆಯಾಡುವುದು ಸಭೆಗೆ ಸುಲಭ. ತೆಲುಗಿನಲ್ಲಿ ‘ಚ’, ‘ಜ’ ಅಕ್ಷರಗಳು ಕೆಲವೆಡೆ ಹಲ್ಲಿನ ಬಳಿ ಹುಟ್ಟುವ ‘ತ್ಸ’, ‘ದ್ಜ’ ಆಗುತ್ತವೆ. ಅದು ಆ ಭಾಷೆಯ ನಿಯಮವೇ ಹೊರತು ಮಗುವಿನ ಅಜ್ಞಾನವಲ್ಲ. ಕನ್ನಡವೇ ಮನೆಮಾತಾದ ಹಳ್ಳಿಯ ಮಕ್ಕಳು ‘ಹಕ್ಕಿ’ಯನ್ನು ‘ಅಕ್ಕಿ’ ಎನ್ನುವುದೂ ಇದೇ ರೀತಿಯದು. ಭಾವಗೀತೆಯಲ್ಲಿ ಹಕ್ಕಿಯು ಅಕ್ಕಿಯಾದರೆ ಅರ್ಥ ಕೆಡುತ್ತದೆ, ತಿದ್ದಲೇಬೇಕು. ಆ ಪದವನ್ನು ಹಾಡಿನಿಂದ ಹೊರತೆಗೆದು, ಮೊದಲು ಮಾತಿನಲ್ಲಿ, ಅನಂತರ ಒಂದೇ ಸ್ವರದಲ್ಲಿ, ಆಮೇಲೆ ಸಾಲಿನಲ್ಲಿ ಹೇಳಿಸಿದರೆ ಎರಡು ನಿಮಿಷದ ಕೆಲಸ.

ಗಡಿಯ ಎರಡೂ ಭಾಷೆಗಳ ಮನೆಗಳಿಗೆ ಈ ಬಗೆಯ ತಿದ್ದುವಿಕೆಯನ್ನು ಪರಿಚಯಿಸಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ತೆಲುಗಿನ ‘ಪಾಡುತಾ ತೀಯಗಾ’ 1996ರಲ್ಲಿ ಆರಂಭವಾಯಿತು. ಕನ್ನಡದಲ್ಲಿ ಈಟಿವಿಯ ‘ಎದೆ ತುಂಬಿ ಹಾಡುವೆನು’ ಬಂತು. ಸ್ಪರ್ಧಿಯ ಹಾಡು ಮುಗಿದೊಡನೆ ಅಂಕ ಘೋಷಿಸುವ ಬದಲು, ತಪ್ಪಿದ ಪದವನ್ನೋ ಸಂಗತಿಯನ್ನೋ ತಾವೇ ಹಾಡಿ ತೋರಿಸುತ್ತಿದ್ದ ಅವರ ರೀತಿ ಲಕ್ಷಾಂತರ ವೀಕ್ಷಕರಿಗೆ ಪಾಠವಾಗಿತ್ತು. ಸ್ವತಃ ಅವರು ಕ್ರಮಬದ್ಧ ಶಾಸ್ತ್ರೀಯ ಶಿಕ್ಷಣ ಪಡೆದವರಲ್ಲ. ತೆಲುಗಿನ ‘ಶಂಕರಾಭರಣಂ’ ಮತ್ತು ಕನ್ನಡದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಗಳ ಶಾಸ್ತ್ರೀಯ ಛಾಯೆಯ ಗೀತೆಗಳಿಗೆ ರಾಷ್ಟ್ರಪ್ರಶಸ್ತಿ ಪಡೆದದ್ದು ದುಡಿಮೆಯಿಂದ. 2020ರ ಸೆಪ್ಟೆಂಬರ್ 25ರಂದು ಅವರು ನಿಧನರಾದರು. ಇಂದಿನ ರಿಯಾಲಿಟಿ ಷೋಗಳಲ್ಲಿ ಕಣ್ಣೀರು, ಅಪ್ಪುಗೆಗಳಿಗೆ ದೊರೆಯುವ ಸಮಯ ಒಂದು ಸ್ವರವನ್ನು ತಿದ್ದುವುದಕ್ಕೆ ದೊರೆಯುತ್ತಿಲ್ಲ ಎಂಬುದನ್ನು ಹೇಳದೆ ವಿಧಿಯಿಲ್ಲ.

ಹಾಡಿ ತೋರಿಸುವ ಈ ಕ್ರಮ ಹೊಸದೇನೂ ಅಲ್ಲ. ಪುರಂದರದಾಸರು ರೂಪಿಸಿದರೆನ್ನಲಾಗುವ ಸರಳೆ ವರಸೆ, ಜಂಟಿ ವರಸೆಗಳ ಪಾಠ ನಡೆಯುವುದೇ ಹೀಗೆ: ಗುರು ಹಾಡುತ್ತಾರೆ, ಶಿಷ್ಯ ಹಾಡುತ್ತಾನೆ, ತಪ್ಪಿದರೆ ಗುರು ಮತ್ತೆ ಹಾಡುತ್ತಾರೆ. ವಿವರಣೆ ಕಡಿಮೆ. ಅದರ ಕೊರತೆಯೆಂದರೆ, ಎಲ್ಲಿ ತಪ್ಪಿತೆಂಬುದನ್ನು ಶಿಷ್ಯ ತಾನೇ ಊಹಿಸಬೇಕು. ವರ್ಷಗಟ್ಟಲೆ ಜೊತೆಗಿರುವ ಶಿಷ್ಯನಿಗೆ ಅದು ಸಾಧ್ಯ. ಒಂದೇ ದಿನ ಎದುರಿಗೆ ಬಂದು ಹೋಗುವ ವಿದ್ಯಾರ್ಥಿಗೆ ಹಾಡಿ ತೋರಿಸುವುದರ ಜೊತೆಗೆ ಹೆಸರಿಟ್ಟು ಹೇಳುವುದೂ ಬೇಕಾಗುತ್ತದೆ.

ಯಾವ ಅಳತೆಗೋಲು?

ಜಿಲ್ಲೆಯ ಮಟ್ಟಿಗೆ ಅತಿ ಹೆಚ್ಚು ಅನ್ಯಾಯವಾಗುವುದು ಜನಪದ ಗೀತೆಯ ವಿಭಾಗದಲ್ಲಿ. ಮುಳಬಾಗಿಲು ಹರಿದಾಸ ಪರಂಪರೆಯ ಶ್ರೀಪಾದರಾಜರ ನೆಲೆ. ಭಜನಾ ಮಂಡಳಿಗಳ ಹಾಡಿಕೆ ಅಲ್ಲಿ ಜೀವಂತ. ಇದೇ ಜಿಲ್ಲೆಯಲ್ಲಿ ದಲಿತ ಚಳವಳಿಯ ಹಾಡುಗಳು ಹುಟ್ಟಿ ನಾಡಿನಾದ್ಯಂತ ಹರಡಿದವು. ಕೋಟಿಗಾನಹಳ್ಳಿ ರಾಮಯ್ಯ ಮತ್ತು ತೇರಹಳ್ಳಿ ಬೆಟ್ಟದ ಆದಿಮ, ಗಾಯಕ ಪಿಚ್ಚಳ್ಳಿ ಶ್ರೀನಿವಾಸ್ ಅವರ ಹೆಸರುಗಳು ಆ ಪರಂಪರೆಯೊಡನೆ ಸೇರಿಕೊಂಡಿವೆ. ಬಯಲಿನಲ್ಲಿ, ತಮಟೆಯ ಜೊತೆಗೆ, ಮೈಕಿಲ್ಲದೆ ಕೇಳಿಸಬೇಕಾದ ಕಂಠ ತೆರೆದಿರುತ್ತದೆ, ಗಟ್ಟಿಯಾಗಿರುತ್ತದೆ. ಸಭಾಂಗಣದ ಭಾವಗೀತೆಯ ಕಂಠಕ್ಕೆ ಮೃದುತ್ವ ಗುಣವಾದರೆ, ಇಲ್ಲಿ ಅದೇ ದೋಷ. ಶಾಸ್ತ್ರೀಯ ಶಿಕ್ಷಣ ಪಡೆದ ತೀರ್ಪುಗಾರರು ಈ ಕಂಠವನ್ನು ‘ಸಂಸ್ಕಾರವಿಲ್ಲದ್ದು’ ಎಂದರೆ, ಅವರು ತಿದ್ದುತ್ತಿರುವುದು ತಂತ್ರವನ್ನಲ್ಲ, ಮಗುವಿನ ಕೇರಿಯನ್ನು.

ಹಾಗೆಂದು ಜನಪದ ಗೀತೆಗೆ ತಂತ್ರವೇ ಬೇಡವೆಂದಲ್ಲ. ತಾಳ ಜಾರುತ್ತಿದೆಯೇ, ಕೂಗುವ ಭರದಲ್ಲಿ ಗಂಟಲು ನೋಯುತ್ತಿದೆಯೇ, ಕಥನಗೀತೆಯ ಸಾಲುಗಳು ಕೇಳುಗರಿಗೆ ತಿಳಿಯುತ್ತಿವೆಯೇ ಎಂಬುದನ್ನು ಕೇಳಬಹುದು, ಕೇಳಬೇಕು. ಗಟ್ಟಿಯಾಗಿ ಹಾಡುವುದಕ್ಕೂ ಗಂಟಲು ಹಿಂಡಿ ಹಾಡುವುದಕ್ಕೂ ವ್ಯತ್ಯಾಸವಿದೆ: ಹಾಡಿದ ಮೇಲೆ ಧ್ವನಿ ಒರಟಾದರೆ ಎರಡನೆಯದು ನಡೆದಿದೆ ಎಂದರ್ಥ.

ತೀರ್ಪುಗಾರರಿಗೆ ಸಮಯವಿಲ್ಲವೆಂಬುದು ನಿಜ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದರ ಹಿಂದೊಂದು ಸ್ಪರ್ಧೆ. ಆದರೆ ಅಂಕಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಸಾಲು ಬರೆಯಲು ಅರ್ಧ ನಿಮಿಷ ಸಾಕು: ಉಳಿಸಿಕೊಳ್ಳಬೇಕಾದ ಒಂದು ಅಂಶ, ಬದಲಿಸಬೇಕಾದ ಒಂದು ಅಂಶ. ಒಂದೇ ಬಾರಿಗೆ ಐದು ತಪ್ಪುಗಳನ್ನು ಹೇಳಿದರೆ ಮಗು ಯಾವುದನ್ನೂ ತಿದ್ದಿಕೊಳ್ಳುವುದಿಲ್ಲ. ಆ ಚೀಟಿಯನ್ನು ವೇದಿಕೆಯ ಮೇಲೆ ಓದದೆ ಶಾಲೆಯ ಶಿಕ್ಷಕರ ಕೈಗೆ ಕೊಟ್ಟರೆ, ಮರುದಿನ ತರಗತಿಯಲ್ಲಿ ಅದೇ ಸಾಲನ್ನು ಮತ್ತೆ ಹಾಡಿಸಿ ನೋಡಲು ಅವರಿಗೆ ಅವಕಾಶವಿರುತ್ತದೆ. ಸಂಗೀತ ತಿಳಿಯದ ಶಿಕ್ಷಕರೂ ಮಾಡಬಹುದಾದ ಕೆಲಸವಿದು. ಮೊಬೈಲ್‌ನಲ್ಲಿ ತಂಬೂರಿಯ ನಾದ ನುಡಿಸುವ ಆ್ಯಪ್‌ಗಳು ಉಚಿತವಾಗಿ ದೊರೆಯುತ್ತವೆ. ಮಗು ಹಾಡಿದ್ದನ್ನು ಅದೇ ಫೋನಿನಲ್ಲಿ ಧ್ವನಿಮುದ್ರಿಸಿ ಅದಕ್ಕೇ ಕೇಳಿಸಿದರೆ, ಎಲ್ಲಿ ಜಾರಿತೆಂಬುದನ್ನು ಬಹಳಷ್ಟು ಬಾರಿ ಅದು ತಾನೇ ಹೇಳುತ್ತದೆ.