ತುಕ್ಕು ಹಿಡಿದು ಕಚ್ಚಿಕೊಂಡ ಪ್ಲಗ್

ತುಕ್ಕಿಲ್ಲದ ತಿರುಪನ್ನು ಬಿಚ್ಚಲು, ಅದನ್ನು ಬಿಗಿಯುವಾಗ ಹಾಕಿದ್ದಕ್ಕಿಂತ ಕಡಿಮೆ ಬಲ ಸಾಕು. ಹಾಗಿದ್ದರೆ ಐವತ್ತು ವರ್ಷದ ಹಿಂದೆ ಯಾರೋ ಒಂದೇ ಕೈಯಲ್ಲಿ ಬಿಗಿದ ಪ್ಲಗ್ಗು ಇವತ್ತು ಇಬ್ಬರು ಜೋತುಬಿದ್ದರೂ ಅಲುಗಾಡುವುದಿಲ್ಲವಲ್ಲ, ಏಕೆ?

ಚೆನ್ನೈನ ಪೆರಂಬೂರಿನ ಗೆಳೆಯರೊಬ್ಬರ ಶೆಡ್ಡಿನಲ್ಲಿ ಈ ಪ್ರಶ್ನೆ ಎದುರಾಯಿತು. ಅವರ ಬಳಿ ಇರುವುದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ 1961ರಿಂದ ಇಲ್ಲೇ ತಯಾರಿಸತೊಡಗಿತು. ಅದರ ಹಿಂಚಕ್ರಗಳ ನಡುವೆ ಡಿಫರೆನ್ಷಿಯಲ್ ಕೂತಿರುತ್ತದೆ. ಎರಕದ ಕಬ್ಬಿಣದ ಆ ಪೆಟ್ಟಿಗೆಗೆ ಎಣ್ಣೆ ಹಾಕುವ ರಂಧ್ರ, ರಂಧ್ರಕ್ಕೊಂದು ಚೌಕ ತಲೆಯ ಪ್ಲಗ್. ವರ್ಷಗಟ್ಟಲೆ ನಿಂತಿದ್ದ ಕಾರು. ಪ್ಲಗ್ ಯಾವುದು, ಪೆಟ್ಟಿಗೆ ಯಾವುದು ಎಂದು ಬೇರ್ಪಡಿಸಿ ನೋಡಲಾಗದಂತೆ ಎರಡರ ಮೇಲೂ ಒಂದೇ ಕಂದು ಪದರ. ಚೌಕದ ಒಂದು ಮೂಲೆಯನ್ನು ಹಿಂದೆ ಯಾರೋ ಪೈಪ್ ರೆಂಚ್ ಹಾಕಿ ಸವೆಸಿದ್ದರು.

ಕಾಗದದ ತ್ರಿಕೋನವೊಂದನ್ನು ಪೆನ್ಸಿಲ್ಲಿಗೆ ಸುತ್ತಿದರೆ ಅದರ ಓರೆ ಅಂಚು ಸುರುಳಿಯಾಗಿ ಮೇಲೇರುತ್ತದೆ. ತಿರುಪಿನ ಥ್ರೆಡ್ ಕೂಡ ಹೀಗೆ ಸುತ್ತಿದ ಇಳಿಜಾರೇ. 14 ಮಿಲಿಮೀಟರ್ ವ್ಯಾಸದ, ಪ್ರತಿ ಸುತ್ತಿನಲ್ಲಿ ಒಂದೂವರೆ ಮಿಲಿಮೀಟರ್ ಏರುವ ಮಾಮೂಲು ಡ್ರೈನ್ ಪ್ಲಗ್ಗನ್ನೇ ತೆಗೆದುಕೊಳ್ಳಿ. ಒಂದು ಸುತ್ತಿಗೆ ಸುಮಾರು 41 ಮಿಲಿಮೀಟರ್ ದೂರ, ಏರುವುದು ಒಂದೂವರೆ. ಅಂದರೆ ಎರಡು ಡಿಗ್ರಿಯಷ್ಟು ಓರೆ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಎಂಟು ಡಿಗ್ರಿಯ ಆಸುಪಾಸಿನ ಇಳಿಜಾರು ಬೇಕು. ಹಾಗಾಗಿಯೇ ಬಿಗಿದ ತಿರುಪು ತಾನಾಗಿ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಲೋಹವನ್ನು ಎಳೆದು ಹಿಡಿಯುತ್ತದೆ. ಬಿಚ್ಚುವಾಗ ಆ ಎಳೆತ ನಮ್ಮ ಕಡೆಗೇ ಸೇರಿಕೊಳ್ಳುತ್ತದೆ. ಬಿಚ್ಚುವುದು ಹಗುರ ಎಂಬ ಲೆಕ್ಕ ಬರುವುದು ಇಲ್ಲಿಂದ.

ಆ ಲೆಕ್ಕವನ್ನು ಕೆಡಿಸುವುದು ತುಕ್ಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಬಾಗಿಲ ಮೇಲಿನ ತುಕ್ಕಾದರೆ ಹೊರಗೆ ಉಬ್ಬಿ ಉದುರುತ್ತದೆ. ಥ್ರೆಡ್ಡುಗಳ ನಡುವಿನ ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ಅದಕ್ಕೆ ಉಬ್ಬಲು ಜಾಗವಿಲ್ಲ, ಎರಡೂ ಗೋಡೆಗಳನ್ನು ಒತ್ತುತ್ತಾ ಬೆಣೆಯಾಗಿ ಕೂರುತ್ತದೆ. ಪೆರಂಬೂರಿನಿಂದ ಕಡಲು ಕೆಲವೇ ಕಿಲೋಮೀಟರ್. ಗಾಳಿಯಲ್ಲಿನ ಉಪ್ಪು ತೇವವನ್ನು ಹೀರಿ ಹಿಡಿಯುತ್ತದೆ, ತುಕ್ಕಿನ ಕೆಲಸಕ್ಕೆ ವೇಗ ಕೊಡುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ತನಕದ ಹಿಂಗಾರು ಮಳೆಯಲ್ಲಿ ಸಂದುಗಳು ಒಣಗುವುದೇ ಇಲ್ಲ. ನಮ್ಮ ಚಿತ್ರದುರ್ಗ, ಬಳ್ಳಾರಿಯ ಒಣ ಹವೆಯಲ್ಲಿ ನಿಂತ ಕಾರಿಗೂ ಇಲ್ಲಿ ನಿಂತ ಕಾರಿಗೂ ಅಜಗಜಾಂತರ.

ಹಾಗಾಗಿ ನಾವು ಸೋಲಿಸಬೇಕಾದ್ದು ಬಿಗಿಯನ್ನಲ್ಲ, ತುಕ್ಕನ್ನು. ಸ್ಪ್ಯಾನರಿಗೆ ಉದ್ದ ಪೈಪ್ ತೂರಿಸುವವರು ಮರೆಯುವುದು ಇದನ್ನೇ. 30 ಸೆಂಟಿಮೀಟರ್ ಹಿಡಿಕೆಯ ತುದಿಗೆ 30 ಕಿಲೋ ಭಾರ ಹಾಕಿದರೆ ಪ್ಲಗ್ಗಿಗೆ ತಲುಪುವುದು 9 ಕೆಜಿ-ಮೀಟರ್ ತಿರುಚುಬಲ. ಅದೇ ಭಾರ ಒಂದು ಮೀಟರ್ ಪೈಪಿನ ತುದಿಗೆ ಬಿದ್ದರೆ 30. ತುಕ್ಕು ಒಡೆಯುವ ಮೊದಲೇ ಚೌಕ ತಲೆ ತಿರುಚಿ ಮುರಿಯಬಹುದು. ಮುರಿದ ಪ್ಲಗ್ಗಿನ ನಡುವೆ ಡ್ರಿಲ್ ಹಾಕುವುದು, ಅದರ ಮೇಲೆ ನಟ್ ವೆಲ್ಡ್ ಮಾಡಿ ತಿರುಗಿಸುವುದು, ಇವೆಲ್ಲ ಆಮೇಲಿನ ಕಷ್ಟಗಳು.

ಆ ಶೆಡ್ಡಿಗೆ ಬಂದ ಹಿರಿಯ ಫಿಟ್ಟರ್ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪೆರಂಬೂರಿನಲ್ಲಿ ಇಂಥವರು ಸಿಗುವುದು ಅಚ್ಚರಿಯಲ್ಲ. 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಇಲ್ಲಿದೆ. ಅದಕ್ಕೂ ಹಳೆಯ ಲೋಕೋ ವರ್ಕ್ಸ್ ಇದೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಟ್ಟಿದ ಇಐಆರ್ 21 ಎಂಬ ಉಗಿ ಎಂಜಿನ್, ನೂರು ವರ್ಷ ಪ್ರದರ್ಶನದ ವಸ್ತುವಾಗಿ ನಿಂತ ಮೇಲೆ, 2010ರಲ್ಲಿ ಮತ್ತೆ ಓಡಿದ್ದು ಈ ಲೋಕೋ ವರ್ಕ್ಸ್‌ನವರ ಕೈಯಿಂದ. ಉಗಿ ಎಂಜಿನ್ನಿನವರಿಗೆ ಪ್ಲಗ್ ಬಿಚ್ಚುವುದು ದಿನದ ಕೆಲಸವಾಗಿತ್ತು. ಬಾಯ್ಲರಿನೊಳಗೆ ಕಟ್ಟುವ ಸುಣ್ಣದ ಪದರವನ್ನು ತೊಳೆಯಲು ಅದರ ಸುತ್ತ ಇರುವ ವಾಷ್‌ಔಟ್ ಪ್ಲಗ್ಗುಗಳನ್ನು ಮತ್ತೆ ಮತ್ತೆ ತೆಗೆಯಲೇಬೇಕು. ಬೆಂಕಿಪೆಟ್ಟಿಗೆಯ ನೆತ್ತಿಯಲ್ಲಿ ಸೀಸ ತುಂಬಿದ ಇನ್ನೊಂದು ಪ್ಲಗ್ ಇರುತ್ತದೆ. ಬಾಯ್ಲರಿನಲ್ಲಿ ನೀರು ಇಳಿದುಹೋದರೆ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೀಸ ಕರಗಿ, ಉಗಿ ನುಗ್ಗಿ ಎಚ್ಚರಿಸುತ್ತದೆ. ಇಂಥ ಪ್ಲಗ್ ಕಚ್ಚಿಕೊಂಡು ಕೂತರೆ ಎಂಜಿನ್ ಶೆಡ್ ಬಿಟ್ಟು ಕದಲದು.

ಹಿರಿಯರು ಸ್ಪ್ಯಾನರ್ ಮುಟ್ಟಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಪ್ಲಗ್ ಸುತ್ತಲಿನ ಗೆರೆ ಕಾಣುವಂತೆ ಮಾಡಿದರು. ಸೂಜಿಮೊನೆಯಿಂದ ಆ ಗೆರೆಯ ಮಣ್ಣು ಕೆದಕಿದರು. ಆಮೇಲೆ ತೆಳು ಎಣ್ಣೆ. ಸಂದು ಸಣ್ಣದಾದಷ್ಟೂ ದ್ರವವನ್ನು ಒಳಕ್ಕೆಳೆಯುವ ಬಲ ಹೆಚ್ಚು, ಆದರೆ ದ್ರವ ದಪ್ಪಗಿದ್ದರೆ ಒಳಗೆ ಹರಿಯುವುದು ತೀರ ನಿಧಾನ. ಎಂಜಿನ್ ಆಯಿಲ್ ಸೋಲುವ, ಸೀಮೆಎಣ್ಣೆ ಗೆಲ್ಲುವ ಕಡೆ ಇದು. ಎಣ್ಣೆ ಹಾಕಿ, ದಪ್ಪ ಹಿತ್ತಾಳೆ ಸರಳನ್ನು ಪ್ಲಗ್ ತಲೆಗೆ ಆನಿಸಿ ಸುತ್ತಿಗೆಯಿಂದ ನೇರವಾಗಿ ಕೆಲವು ಪೆಟ್ಟು. ತುಕ್ಕು ಪೆಡಸು, ಪೆಟ್ಟು ಬಿದ್ದಾಗ ಬಿರುಕು ಬಿಡುತ್ತದೆ, ಬಿರುಕಿಗೆ ಎಣ್ಣೆ ಇಳಿಯುತ್ತದೆ. ಮತ್ತೆ ಎಣ್ಣೆ, ಮತ್ತೆ ಪೆಟ್ಟು, ರಾತ್ರಿಯಿಡೀ ಬಿಡುವು. ಈ ಬಿಡುವೂ ಕೆಲಸವೇ ಎಂದು ನನಗೆ ಮನದಟ್ಟಾಗಿದೆ.

ಇನ್ನೊಂದು ದಾರಿ ಶಾಖ. ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಉಕ್ಕಿನ ಪ್ಲಗ್ ಇದ್ದರೆ ಎರಡನ್ನೂ ಕಾಯಿಸಿದರೂ ಲಾಭವೇ, ಏಕೆಂದರೆ ಅಲ್ಯೂಮಿನಿಯಂ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. 14 ಮಿಲಿಮೀಟರಿನ ಪ್ಲಗ್ ಸುತ್ತ 100 ಡಿಗ್ರಿ ಏರಿದರೆ ಸಿಗುವ ಸಡಿಲ ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಭಾಗ. ತುಕ್ಕಿನ ಲೆಕ್ಕದಲ್ಲಿ ಅದು ಧಾರಾಳ. ಕಬ್ಬಿಣದ ಬ್ಲಾಕಿನಲ್ಲಿ ಹಿತ್ತಾಳೆಯ ಪ್ಲಗ್ ಇದ್ದರೆ ಕಥೆ ತಿರುವುಮುರುವು: ಬಿಸಿಯಲ್ಲಿ ಹಿತ್ತಾಳೆಯೇ ಹೆಚ್ಚು ಹಿಗ್ಗಿ ಇನ್ನೂ ಬಿಗಿಯಾಗುತ್ತದೆ, ಅದನ್ನು ಕಾಯಿಸಿ ಆರಿದ ಮೇಲೆ ತಿರುಗಿಸಬೇಕು. ನಮ್ಮದು ಕಬ್ಬಿಣದೊಳಗೆ ಉಕ್ಕು, ಎರಡೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುತ್ತವೆ. ಹೊರ ಪೆಟ್ಟಿಗೆಯನ್ನು ಮಾತ್ರ ಬೇಗ ಕಾಯಿಸಿ, ಪ್ಲಗ್ ಬಿಸಿಯಾಗುವ ಮೊದಲೇ ತಿರುಗಿಸಬೇಕು. ಆದರೆ ಹೆರಾಲ್ಡ್‌ನ ಪೆಟ್ರೋಲ್ ಟ್ಯಾಂಕ್ ಇರುವುದು ಡಿಕ್ಕಿಯಲ್ಲಿ, ಡಿಫರೆನ್ಷಿಯಲ್‌ಗೆ ತೀರ ಹತ್ತಿರ. ಟ್ಯಾಂಕನ್ನು ಕಳಚಿ ಅಂಗಳದಾಚೆ ಇಟ್ಟು, ಚೆಲ್ಲಿದ ಎಣ್ಣೆಯನ್ನೆಲ್ಲ ಒರೆಸಿದ ಮೇಲೆಯೇ ಹಿರಿಯರು ಹಾಟ್ ಏರ್ ಗನ್ ಕೈಗೆತ್ತಿಕೊಂಡರು. ಇಲ್ಲಿ ಆತುರ ಮಾಡಿದವರು ಕಾರನ್ನಷ್ಟೇ ಅಲ್ಲ, ಮನೆಯನ್ನೂ ಕಳೆದುಕೊಳ್ಳಬಹುದು.

ಆಮೇಲೆ ಚೌಕಕ್ಕೆ ಸರಿಯಾಗಿ ಕೂರುವ, ಹಿಡಿಕೆ ಗಿಡ್ಡವಾದ ಸಾಕೆಟ್. ಮೊದಲು ತಿರುಗಿಸಿದ್ದು ಬಿಗಿಯುವ ದಿಕ್ಕಿಗೆ, ಕೂದಲೆಳೆಯಷ್ಟು. ಎಡಕ್ಕೆ ತಿರುಗಿಸಿದಾಗ ಟಕ್ ಎಂದು ಒಣ ಸದ್ದು ಬಂತು. ಥ್ರೆಡ್ ಸಂದಿನಿಂದ ಕೆಂಪು ಪುಡಿ ಎಣ್ಣೆಯಲ್ಲಿ ಕಲಸಿಕೊಂಡು ಇಳಿಯಿತು. ಒಂದಿಷ್ಟು ಬಿಚ್ಚಿ, ಅರ್ಧ ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚುತ್ತಾ ಹೋದರು. ಒಂದೇ ಉಸಿರಿಗೆ ಬಿಚ್ಚಿದರೆ ಆ ಪುಡಿ ಥ್ರೆಡ್ಡುಗಳ ನಡುವೆ ಸಿಕ್ಕಿ ಮತ್ತೆ ಕಚ್ಚಿಕೊಳ್ಳುತ್ತದೆ.

ಎಣ್ಣೆ ಇಳಿಸುವ ಪ್ಲಗ್ ಬೇರೆಯೇ ಇರುವ ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳಲ್ಲಿ ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನು. ಕೆಳಗಿನದನ್ನು ತೆಗೆದು ಎಣ್ಣೆಯೆಲ್ಲ ಹರಿದ ಮೇಲೆ ಮೇಲಿನದು ಕಚ್ಚಿಕೊಂಡಿದೆ ಎಂದು ತಿಳಿದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಮರಳಿ ಹಾಕುವಾಗ ಥ್ರೆಡ್ಡಿಗೆ ತಾಮ್ರದ ಪುಡಿ ಬೆರೆತ ಪೇಸ್ಟ್ ತೆಳ್ಳಗೆ ಹಚ್ಚಬೇಕು. ಪೈಪ್ ಥ್ರೆಡ್ಡಿನ ಪ್ಲಗ್ಗಾದರೆ 16ಕ್ಕೆ 1ರಂತೆ ಮೊನೆಯ ಕಡೆ ಕಿರಿದಾಗುತ್ತಾ ಹೋಗಿ ತಾನೇ ಬೆಣೆಯಾಗಿ ಸೋರಿಕೆ ತಡೆಯುತ್ತದೆ, ಅದಕ್ಕೆ ಮೈಭಾರ ಹಾಕುವುದು ಬೇಡ. ಗೆಳೆಯರು ಇಪಿ 90 ಗೇರ್ ಎಣ್ಣೆಯನ್ನು ರಂಧ್ರದ ಅಂಚಿಗೆ ಬಂದು ತುಳುಕುವ ತನಕ ತುಂಬಿದರು. ಹೊಸ ಪ್ಲಗ್ಗನ್ನು ಬೆರಳಲ್ಲೇ ಕೂರಿಸಿ, ಗಿಡ್ಡ ಸ್ಪ್ಯಾನರಿನಲ್ಲಿ ಬಿಗಿದರು.