ಇನ್ನೊಬ್ಬರ ‘ನಾನು’ ಬರೆದ ಕಿಮೇಜ್

ಕ್ರೀಡಾತಾರೆಯರ ಆತ್ಮಕಥೆಗಳನ್ನು ಹೆಚ್ಚಾಗಿ ತಾರೆಯರೇ ಬರೆದಿರುವುದಿಲ್ಲ. ಅವರು ಹೇಳುತ್ತಾ ಹೋಗುತ್ತಾರೆ, ಪತ್ರಕರ್ತನೊಬ್ಬ ಬರೆಯುತ್ತಾ ಹೋಗುತ್ತಾನೆ. ಮುಖಪುಟದ ಹೆಸರು, ಫೋಟೊ ತಾರೆಯದು. ಹೀಗೆ ಬರೆದುಕೊಡುವ ಘೋಸ್ಟ್ ರೈಟರ್‌ನಿಂದ ಪ್ರಕಾಶಕರು ಬಯಸುವುದು ಒಂದು ಚೆಂದದ ಹೂಮಾಲೆ. ಐರ್ಲೆಂಡ್‌ನ ಪಾಲ್ ಕಿಮೇಜ್ ಅವರಿಗೆ ಮಾತ್ರ ಮಾಲೆ ಕಟ್ಟುವ ವಿದ್ಯೆ ಒಲಿಯಲೇ ಇಲ್ಲ.

1962ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಕಿಮೇಜ್ ಪೆನ್ನು ಹಿಡಿಯುವ ಮುನ್ನ ಸೈಕಲ್ ತುಳಿದವರು. 1986ರಲ್ಲಿ ವೃತ್ತಿಪರರಾಗಿ, ಅದೇ ವರ್ಷ ಟೂರ್ ಡಿ ಫ್ರಾನ್ಸ್ ಅನ್ನು 131ನೇ ಸ್ಥಾನದಲ್ಲಿ ಮುಗಿಸಿದರು. ಅವರ ನಾಡಿನ ಶಾನ್ ಕೆಲ್ಲಿ, ಸ್ಟೀಫನ್ ರೋಶ್ ಆಗ ಜಗದ್ವಿಖ್ಯಾತ ಸೈಕಲ್ ಸವಾರರು. ಕಿಮೇಜ್ ಪಾಲಿಗೆ ಬಂದದ್ದು ತಂಡದ ನಾಯಕನಿಗೆ ನೀರು ತಂದುಕೊಡುವ, ಎದುರುಗಾಳಿಗೆ ಮರೆಯಾಗಿ ನಿಲ್ಲುವ ಸವಾರನ ಪಾತ್ರ.

1989ರಲ್ಲಿ ಸೈಕಲ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರು. ಮರುವರ್ಷವೇ ‘ರಫ್ ರೈಡ್’ ಹೊರಬಂತು. ಸೈಕಲ್ ಓಟದಲ್ಲಿ ಉದ್ದೀಪನ ಮದ್ದಿನ ಬಳಕೆ ಎಷ್ಟು ಮಾಮೂಲು ಎಂಬುದನ್ನು ಬಿಚ್ಚಿಟ್ಟ ಕೃತಿಯದು. ತಾನೂ ಆಂಫೆಟಮಿನ್ ತೆಗೆದುಕೊಂಡಿದ್ದನ್ನು ಅವರು ಅದರಲ್ಲಿ ಮುಚ್ಚಿಡಲಿಲ್ಲ. ಕ್ರೀಡಾಪುಸ್ತಕಗಳಿಗೆ ಕೊಡುವ ವಿಲಿಯಂ ಹಿಲ್ ಪ್ರಶಸ್ತಿಯೇನೋ ಬಂತು. ಹಳೆಯ ಸಂಗಾತಿಗಳ ಕಣ್ಣಿಗೆ ಮಾತ್ರ ಅವರು ಉಂಡ ಮನೆಗೆ ಎರಡು ಬಗೆದವರು. ರೋಶ್ ಜೊತೆಗಿನ ಸ್ನೇಹವೂ ಹಳಸಿತು.

ತನ್ನ ಕಥೆಯನ್ನು ಹಚ್ಚಿದ ಒರೆಗಲ್ಲಿಗೇ ಅವರು ಇನ್ನೊಬ್ಬರ ಕಥೆಯನ್ನೂ ಹಚ್ಚಿದರು. ಫುಟ್‌ಬಾಲ್ ಆಟಗಾರ ಟೋನಿ ಕ್ಯಾಸ್ಕರಿನೊಗೆ ಅವರು ಬರೆದುಕೊಟ್ಟ ಆತ್ಮಕಥೆ ‘ಫುಲ್ ಟೈಮ್’ 2000ದಲ್ಲಿ ಬಂತು. ಐರ್ಲೆಂಡ್ ಪರ 88 ಪಂದ್ಯ ಆಡಿ ಆಗ ದಾಖಲೆ ಬರೆದಿದ್ದ ಆಟಗಾರ ಅಲ್ಲಿ ಹೇಳಿದ್ದೇನು? ತಾಯಿ ಐರಿಷ್ ಮನೆತನದ ದತ್ತು ಮಗಳು, ಹಾಗಾಗಿ ತನ್ನ ಮೈಯಲ್ಲಿ ಐರಿಷ್ ರಕ್ತವೇ ಇಲ್ಲ! ಅವರಿಗೆ ಆಡುವ ಅರ್ಹತೆ ಇತ್ತೆಂದು ಆಮೇಲೆ ಇತ್ಯರ್ಥವಾಯಿತು. ಆದರೆ ಮುರಿದ ಸಂಸಾರ, ಮೈದಾನದಲ್ಲೂ ಬಿಡದ ಕೀಳರಿಮೆಯನ್ನು ಹೀಗೆ ಬಾಯಿಬಿಟ್ಟು ಹೇಳುವ ಆಟಗಾರರು ವಿರಳ. ಆಟಗಾರರು ತೋಳು ಬೆಸೆದು ತಳ್ಳಾಡುವ ಸ್ಕ್ರಮ್ ಕುಸಿದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ ಯುವ ರಗ್ಬಿ ಆಟಗಾರ ಮ್ಯಾಟ್ ಹ್ಯಾಂಪ್ಸನ್ ಕುರಿತ ‘ಎಂಗೇಜ್’ (2011) ಮಾತ್ರ ಕಿಮೇಜ್ ಅವರದೇ ಹೆಸರಿನಲ್ಲಿ ಬಂತು.

ಈ ನಿಷ್ಠುರತೆಗೆ ಬೆಲೆಯನ್ನೂ ತೆತ್ತರು. ಸೈಕಲ್ ತಾರೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2009ರ ಪತ್ರಿಕಾಗೋಷ್ಠಿಯಲ್ಲಿ ಎಲ್ಲರೆದುರೇ ಅವರ ಮೇಲೆ ಹರಿಹಾಯ್ದರು. ಸೈಕಲ್ ಸವಾರ ಫ್ಲಾಯ್ಡ್ ಲ್ಯಾಂಡಿಸ್ ಅವರನ್ನು ಕಿಮೇಜ್ ಸಂದರ್ಶಿಸಿದ ನಂತರ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಸ್ವಿಟ್ಜರ್ಲೆಂಡ್‌ನಲ್ಲಿ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ವಕೀಲರ ಖರ್ಚಿಗೆ ಓದುಗರು ಚಂದಾ ಎತ್ತಿದರು. 2012ರಲ್ಲಿ ಮದ್ದಿನ ಬಳಕೆಗಾಗಿ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಪ್ರಶಸ್ತಿಗಳು ಹೋದವು, ಮೊಕದ್ದಮೆಯೂ ತಣ್ಣಗಾಯಿತು.

ರಗ್ಬಿ ದಿಗ್ಗಜ ಬ್ರಯಾನ್ ಓಡ್ರಿಸ್ಕಾಲ್ ಆತ್ಮಕಥೆಯ ಬರವಣಿಗೆಯನ್ನೂ ಮೊದಲು ಕಿಮೇಜ್ ಅವರಿಗೇ ವಹಿಸಲಾಗಿತ್ತು. ಆ ಒಪ್ಪಂದ ನಡುವೆಯೇ ಮುರಿದು, 2014ರಲ್ಲಿ ಪುಸ್ತಕ ಬೇರೊಬ್ಬರ ನೆರವಿನಿಂದ ಬಂತು. ಕಿಮೇಜ್ ಅವರಿಂದ ಜೀವನಕಥೆ ಬರೆಸುವ ಆಸೆ ಯಾರಿಗಾದರೂ ಇದ್ದರೆ ಅವರು ಮೊದಲು ‘ರಫ್ ರೈಡ್’ ಓದಿಕೊಳ್ಳುವುದು ಮೇಲು. ತನ್ನನ್ನೇ ಬಿಡದವನು ಇನ್ನೊಬ್ಬರನ್ನು ಬಿಟ್ಟಾನೆಯೇ?