ಊರು ಬಿಟ್ಟವನ ಹಾಜರಿ

ನಮ್ಮ ಗಣಕಯಂತ್ರದಲ್ಲಿದ್ದ ವೈರಸ್ ನಿರೋಧಕ ತಂತ್ರಾಂಶವನ್ನು ತೆಗೆದು ಅದರದೇ ಹೊಸ ಆವೃತ್ತಿಯನ್ನು ಸ್ಥಾಪಿಸಿದೆವು. ಮರುದಿನ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್‌ಅಪ್’ ಪಟ್ಟಿಯನ್ನು ತೆರೆದರೆ ಒಂದೇ ಹೆಸರು ಎರಡು ಸಲ! ಕಾವಲುಗಾರರಿಬ್ಬರು ಒಟ್ಟಿಗೆ ದುಡಿಯುತ್ತಿರುವರೇ?

ಹಾಗೆಂದು ಕೂಡಲೇ ತೀರ್ಮಾನಿಸಲಾಗದು. ಬಳಕೆದಾರನು ಲಾಗಿನ್ ಆದೊಡನೆ ಯಾವ ತಂತ್ರಾಂಶಗಳನ್ನು ಎಬ್ಬಿಸಬೇಕೆಂಬುದನ್ನು ವಿಂಡೋಸ್ ವ್ಯವಸ್ಥೆಯು ‘ರಿಜಿಸ್ಟ್ರಿ’ ಎಂಬ ದಫ್ತರದಲ್ಲಿ, ‘ರನ್’ ಎಂಬ ಶೀರ್ಷಿಕೆಯ ಕೆಳಗೆ ಇಟ್ಟುಕೊಂಡಿರುತ್ತದೆ. ಈ ಶೀರ್ಷಿಕೆ ಇರುವುದು ಒಂದೆಡೆಯಲ್ಲ. ಇಡೀ ಯಂತ್ರಕ್ಕೆ ಅನ್ವಯಿಸುವುದೊಂದು, ಒಬ್ಬೊಬ್ಬ ಬಳಕೆದಾರನಿಗೆ ಒಂದೊಂದು. 64 ಬಿಟ್ ವಿಂಡೋಸಿನಲ್ಲಾದರೆ 32 ಬಿಟ್ ತಂತ್ರಾಂಶಗಳಿಗೆಂದೇ ಬೇರೊಂದು. ಹಳೆಯ ಆವೃತ್ತಿಯು ಒಂದೆಡೆ ಬರೆದ ಸಾಲನ್ನು ಅಳಿಸದೆಯೇ ಹೊರಟುಹೋಗಿ, ಹೊಸದು ಮತ್ತೊಂದೆಡೆ ಬರೆದರೆ ಹೆಸರು ಎರಡಾಗದೆ ಇನ್ನೇನು? ಊರು ಬಿಟ್ಟ ಹುಡುಗನ ಹೆಸರನ್ನು ಮೇಷ್ಟರು ಹಾಜರಿ ಪುಸ್ತಕದಿಂದ ಹೊಡೆದುಹಾಕಲು ಮರೆತಂತೆ ಇದು.

ಹುಸಿ ಸಾಲು ಯಾವುದು? ಹೆಸರನ್ನು ನಂಬದೆ ವಿಳಾಸವನ್ನು ನೋಡಬೇಕು. ಪಟ್ಟಿಯ ತಲೆಸಾಲಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಕಮಾಂಡ್ ಲೈನ್’ ಎಂಬುದನ್ನು ಆರಿಸಿದರೆ ಪ್ರತಿಯೊಂದರ ವಿಳಾಸವೂ ಕಾಣುವುದು. ಆ ವಿಳಾಸದಲ್ಲಿ ಫೈಲೇ ಇಲ್ಲವೆಂದರೆ ಅದು ಹಳೆಯದರ ಉಳಿಕೆ. ಮೈಕ್ರೋಸಾಫ್ಟ್ ಸಂಸ್ಥೆಯು ಉಚಿತವಾಗಿ ಕೊಡುವ ‘ಆಟೋರನ್ಸ್’ ಎಂಬ ಸಾಧನವು ಇಂಥ ಸಾಲುಗಳಿಗೆ ಹಳದಿ ಬಣ್ಣ ಬಳಿದು ತೋರಿಸುತ್ತದೆ.

ಆದರೆ ಆತುರ ಬೇಡ. ಮೊದಲು ‘ಡಿಸೇಬಲ್’ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿರಿ. ತಪ್ಪಾಗಿದ್ದರೆ ಹಿಂದಿರುಗಲು ದಾರಿಯಿರುತ್ತದೆ. ಅಂದಹಾಗೆ, ಈ ಸಾಲು ಅನೇಕ ವೇಳೆ ಗಡಿಯಾರದ ಪಕ್ಕದ ಪುಟ್ಟ ಚಿಹ್ನೆಯನ್ನು ತರುವುದಷ್ಟೆ. ಕಾವಲಿನ ಕೆಲಸ ‘ಸರ್ವಿಸ್’ ಎಂಬ ತೆರೆಮರೆಯ ಭಾಗದ್ದು. ಅದು ನಡೆಯುತ್ತಿದೆಯೇ ಎಂಬುದನ್ನು ‘ವಿಂಡೋಸ್ ಸೆಕ್ಯೂರಿಟಿ’ಯಲ್ಲಿ ನೋಡಿಕೊಂಡು, ಒಂದು ವಾರ ಕಾದ ಮೇಲೆಯೇ ನಾವು ಆ ಸಾಲನ್ನು ಅಳಿಸಿದೆವು.